ಬಳೆ ಅಂಗಡಿಯ ದೀಪ

ಶಾಪಿಂಗ್ ಮಾಲಿನ ಮೂಲೆಯಲ್ಲಿದ್ದ ಪುಟ್ಟನಂಜಮ್ಮನ ಬಳೆ ಅಂಗಡಿಗೆ ಇದ್ದದ್ದು ಒಂದೇ ದೀಪ. ಕರೆಂಟು ಪೋಲಾಗಬಾರದೆಂದು ಮಾಲಿನವರು ಅದರ ಪಕ್ಕದಲ್ಲೇ ಒಂದು ಸೆನ್ಸರ್ ಕೂರಿಸಿದರು. ಅಲುಗಾಟ ಕಂಡರೆ ದೀಪ ಹೊತ್ತಿಸುವುದು, ಕಾಣದಿದ್ದರೆ ಆರಿಸುವುದು ಅದರ ಕೆಲಸ.

ಅಂದು ಮಧ್ಯಾಹ್ನ ಗಿರಾಕಿಗಳಿಲ್ಲದೆ ಪುಟ್ಟನಂಜಮ್ಮ ಸುಮ್ಮನೆ ಕೂತಿದ್ದಳು.

"ಆರಿಬಿಡು. ಯಾರೂ ಇಲ್ಲವೆಂದು ಮಾಲಿನ ಕಂಪ್ಯೂಟರಿಗೆ ತಿಳಿಸಿದ್ದೇನೆ," ಎಂದಿತು ಸೆನ್ಸರ್.

"ಸ್ವಾಮಿ, ಆಕೆ ಕೆಳಗೇ ಕೂತಿದ್ದಾಳೆ," ಎಂದಿತು ದೀಪ.

"ಅಲುಗದವರು ನನ್ನ ಲೆಕ್ಕಕ್ಕಿಲ್ಲ."

"ಗಿರಾಕಿಗೆ ಕಾಯುವವರು ಕುಣಿಯುತ್ತಾ ಕಾಯುತ್ತಾರೆಯೆ?"

"ಇದ್ದರೆ ಕೈ ಬೀಸಲಿ."

ದೀಪ ಆರಿತು. ಅಂದಿನಿಂದ ಹೀಗೆ ಕತ್ತಲಾದಾಗಲೆಲ್ಲ ಪುಟ್ಟನಂಜಮ್ಮ ಮೇಲೆ ನೋಡಿ ಕೈ ಬೀಸುತ್ತಿದ್ದಳು. ಕೈಬಳೆ ಘಲ್ಲೆಂದರೆ ದೀಪ ಹಿಗ್ಗಿ ಹೊತ್ತಿಕೊಳ್ಳುತ್ತಿತ್ತು. ಒಮ್ಮೆ ಎದುರಿಗೆ ಹಾದುಹೋಗುತ್ತಿದ್ದ ಹುಡುಗಿಯರು ನಕ್ಕರು: "ಯಾರನ್ನ ಕರೀತಿದ್ದೀರಮ್ಮಾ? ಅಲ್ಲಿ ಯಾರೂ ಇಲ್ವಲ್ಲ!"

ಆಮೇಲೆ ಆಕೆ ಕೈ ಎತ್ತಲೇ ಇಲ್ಲ. ಮಡಿಲಲ್ಲಿ ಕೈಯಿಟ್ಟುಕೊಂಡು ಕತ್ತಲಲ್ಲೇ ಕೂತಳು. ಕಂಡವರು ಅಂಗಡಿ ಮುಚ್ಚಿದೆ ಎಂದುಕೊಂಡು ಮುಂದೆ ಹೋದರು. ದೀಪ ಇದೆಲ್ಲವನ್ನೂ ನೋಡುತ್ತಿತ್ತು. ಆದರೂ ಸೆನ್ಸರ್ ಹೇಳಿದ ಕೂಡಲೇ ಆರುತ್ತಿತ್ತು.

ಕೊನೆಗೊಂದು ದಿನ ಪುಟ್ಟನಂಜಮ್ಮ ಬಳೆಗಳನ್ನೆಲ್ಲ ಡಬ್ಬಕ್ಕೆ ತುಂಬಿಕೊಂಡು, ಷಟರ್ ಎಳೆದು ಹೊರಟುಹೋದಳು.

"ನೋಡಿದೆಯಾ? ಅಲ್ಲಿ ಯಾರೂ ಇಲ್ಲವೆಂದು ನಾನು ಮೊದಲಿನಿಂದಲೂ ಹೇಳುತ್ತಿದ್ದೆ," ಎಂದಿತು ಸೆನ್ಸರ್.

"ಹೌದು ಸ್ವಾಮಿ," ಎಂದಿತು ದೀಪ. "ನೀವು ಹೇಳಿದ ಸುಳ್ಳನ್ನು ದಿನವೂ ಆರಿ ಆರಿ ನಾನೇ ನಿಜ ಮಾಡಿಕೊಟ್ಟೆ."