ಬಾಯಿ ತೆರೆದ ಹಾವು

ಪಾಪಿ ಎದುರಿಗೆ ಬಂದರೆ ಅರಮನೆಯ ಹಾವು ಬಾಯಿ ತೆರೆಯುತ್ತದೆ ಎಂದು ಆಗ ಎಲ್ಲರೂ ನಂಬಿದ್ದರು. ಅದು ಯಾರನ್ನು ನೋಡಿ ಬಾಯಿ ತೆರೆಯಿತೋ ಅವರನ್ನು ಕೊಲ್ಲುತ್ತಿದ್ದರು. ಆ ನಾಡಿನಲ್ಲಿ ನ್ಯಾಯಕ್ಕೆ ಹೆಚ್ಚು ಹೊತ್ತು ಹಿಡಿಯುತ್ತಿರಲಿಲ್ಲ.

ಒಂದು ದಿನ ಅದು ರಾಜಕುಮಾರಿ ಮಾಳಲೆಯನ್ನು ನೋಡಿಯೇ ಬಾಯಿ ತೆರೆಯಿತು. ಅರಸ ಬಾಚರಸ ಡಂಗುರ ಹೊಡೆಸಿದ: ಮಗಳು ಮೂರು ಒಗಟು ಕೇಳುತ್ತಾಳೆ, ಬಿಡಿಸಿದವನಿಗೆ ಅರ್ಧ ರಾಜ್ಯ, ಅವಳಿಗೆ ಜೀವದಾನ, ತಪ್ಪಿದವನ ತಲೆ ಹೋಗುತ್ತದೆ, ಅಮಾವಾಸ್ಯೆ ಮುಗಿಯುವುದರೊಳಗೆ ಯಾರೂ ಬಿಡಿಸದಿದ್ದರೆ ಅವಳದೂ.

ಸತ್ತ ಹಾವುಗಳನ್ನು ಸುಡುವ ಮಾಚ ಇದನ್ನು ಕೇಳಿ ಮಗ್ಗುಲು ಬದಲಿಸಿ ಮಲಗಿದ. ಅವನ ಹೆಂಡತಿ ಜಕ್ಕಿಯನ್ನು ಕೊಂದಾಗ ಯಾರೂ ಡಂಗುರ ಹೊಡೆಸಿರಲಿಲ್ಲ. ಅವಳು ಮಾಡಿದ ಪಾಪ ಯಾವುದೆಂದು ಅವನು ಇನ್ನೂ ಹುಡುಕುತ್ತಿದ್ದ.

ಮಾಳಲೆ ಕೇಳಿದಳು: “ಪರರ ಉಸಿರಿನಲ್ಲಿ ಮನೆ ಮಾಡಿ, ಮನೆಯೊಡೆಯನನ್ನೇ ಉಣ್ಣುವವರು ಯಾರು? ಗಂಡಸಿಲ್ಲದ ಮನೆಯಲ್ಲಿ ಎಲ್ಲರೂ ಬಸುರಿಯರು, ಅವರು ಯಾರು? ಮುಂಬಾಗಿಲ ತನಕ ಹತ್ತಿ ಬಂದು, ಮತ್ತೆ ಒಳಗಿಳಿದು, ಹಿತ್ತಿಲಿಂದ ಹೊರಡುವವರು ಯಾರ ಮಕ್ಕಳು?”

ಮಂತ್ರಿಯ ಮಗ ಮೊದಲನೆಯದಕ್ಕೆ ಆಸೆ ಎಂದ. ಆಸ್ಥಾನದ ಪಂಡಿತ ಎರಡನೆಯದಕ್ಕೆ ನದಿಗಳು ಎಂದು ಶ್ಲೋಕ ಕಟ್ಟಿ ಹೇಳಿದ. ಉತ್ತರಗಳು ಚೆನ್ನಾಗಿದ್ದವು. ತಲೆಗಳು ಉಳಿಯಲಿಲ್ಲ.

ಅಮಾವಾಸ್ಯೆಯ ದಿನ ಮಾಚ ಬಂದ.

“ಹಾವಿನ್ನೂ ಬದುಕಿದೆಯಲ್ಲೋ, ಅವಸರ ಯಾಕೆ?” ಎಂದ ಬಾಗಿಲ ಕಾವಲಿನವನು.

“ಹಾವಿಗಲ್ಲ ಬುದ್ಧಿ, ಒಗಟಿಗೆ ಬಂದೆ.”

ಒಗಟು ಕೇಳಿ ಅವನು ಹೇಳಿದ: “ಮೂರಕ್ಕೂ ಒಂದೇ ಉತ್ತರ, ತಾಯಿ. ಹುಳ.”

ಸುಡುವ ಮೊದಲು ಹಾವನ್ನು ಸೀಳಿ ಕರ್ಪೂರ ತುಂಬುವುದು ಅಲ್ಲಿನ ಪದ್ಧತಿ. ಪ್ರತಿ ಹಾವಿನ ಶ್ವಾಸಕೋಶದಲ್ಲೂ ಬಿಳಿ ಎಳೆಗಳು ಹೊರಳಾಡುತ್ತಿದ್ದವು. ಅವು ಹಾವು ಹೀರಿದ ಜನರ ಪಾಪಗಳು ಎಂದು ಪುರೋಹಿತ ಹೇಳಿದ್ದ, ಮಾಚ ನಂಬಿದ್ದ. ಆದರೆ ಯಾವ ಎಳೆ ಹರಿದರೂ ಒಳಗೆ ಮೊಟ್ಟೆ. ಆ ಮೊಟ್ಟೆಗಳು ಗಂಟಲಿಗೆ ಹತ್ತುತ್ತವೆ, ಹಾವು ನುಂಗುತ್ತದೆ, ಹಿಕ್ಕೆಯಲ್ಲಿ ಮರಿಗಳು ಬೀಳುತ್ತವೆ. ಹಾವಿನ ಪೆಟ್ಟಿಗೆಯ ಮಣ್ಣು ಪವಿತ್ರ, ಅದನ್ನು ಬದಲಿಸುವಂತಿಲ್ಲ. ಹಾಗಾಗಿ ಮುಂದಿನ ಹಾವಿಗೂ ಅದೇ ಹುಳ. ಮಾಚ ಇಷ್ಟನ್ನೂ ಹೇಳಿದ.

ಮಾಳಲೆ ಒಪ್ಪಿದಳು. ಸತ್ತ ಹಾವಿಗೆ ಕರ್ಪೂರ ಇಡುವ ಸರದಿ ಅರಮನೆಯವರಿಗೂ ಇತ್ತು, ಆಗ ಅವಳೂ ಅದನ್ನೇ ಕಂಡಿದ್ದಳು; ನೇರವಾಗಿ ಹೇಳಿದರೆ ದೈವನಿಂದೆಯಾಗುತ್ತಿತ್ತು.

ಅರಸ ಅರ್ಧ ರಾಜ್ಯ ಕೊಟ್ಟ. ಎಲ್ಲಿಂದ ಎಲ್ಲಿಯವರೆಗೆ ಎಂದು ಮಾಚ ಕೇಳಲಿಲ್ಲ.

“ನನ್ನ ಜಕ್ಕಿಯನ್ನು ನೋಡಿ ಅದು ಬಾಯಿ ತೆರೆಯಿತಲ್ಲ ತಾಯಿ. ಅವಳು ಏನು ಮಾಡಿದ್ದಳು?”

“ಏನೂ ಇಲ್ಲ,” ಎಂದಳು ಮಾಳಲೆ. “ಹಾವಿಗೆ ಉಸಿರು ಸಿಗುತ್ತಿರಲಿಲ್ಲ.”