ಹೆಗಲಿಗೆ ಜಮಾ

“ಒಂದೇ ಒಂದು ಸಾಲು ಬರೆದುಕೊಟ್ಟರೆ ನನ್ನದೇನು ಹೋಗುತ್ತದೆ, ಮಾಸ್ತರೇ?”

ಕೇಳಿದವಳು ಹುಲಿಗೆಮ್ಮ. ಹಗಲು ಅವಳು ಹತ್ತಿ ಗಿರಣಿಯಲ್ಲಿ ದುಡಿಯುತ್ತಾಳೆ. ಸಂಜೆ ದುರುಗಪ್ಪ ಮಾಸ್ತರರ ತರಗತಿಗೆ ಬಂದು ಲೆಕ್ಕಪತ್ರದ ಡಿಪ್ಲೊಮಾಕ್ಕೆ ಓದುತ್ತಾಳೆ. ಬರುವಾಗ ತಲೆಗೂದಲಲ್ಲಿ ಹತ್ತಿಯ ಎಳೆಗಳು ಹಾಗೆಯೇ ಇರುತ್ತವೆ. ಗಿರಣಿಯ ಧೂಳು ಅವಳಿಗೆ ಕೆಮ್ಮು ಹಚ್ಚಿದೆ. ಡಿಪ್ಲೊಮಾ ಸಿಕ್ಕರೆ ಧೂಳಿನ ಕೋಣೆ ಬಿಟ್ಟು ಕಚೇರಿಯಲ್ಲಿ ಕೂರಬಹುದು. ಅದಕ್ಕೇ ಈ ಓದು.

ಪರೀಕ್ಷೆಗೆ ಕೂರಲು ಅನುಭವ ಪತ್ರ ಬೇಕು. ಅನುಭವ ಅವಳಿಗಿದೆ. ತೂಕದ ಚೀಟಿ ಬರೆಯುವವಳು ಅವಳೇ, ಆಳುಗಳ ಹಾಜರಿ ಹಾಕುವವಳೂ ಅವಳೇ. ಕೈಗೆ ಬರುವುದು ಮಾತ್ರ ಹತ್ತಿ ಆರಿಸುವವಳ ಕೂಲಿ. ಪತ್ರಕ್ಕೆ ಗಿರಣಿ ಮಾಲೀಕನ ಸಹಿ ಆಗಬೇಕು. ಮಾಲೀಕ ಇಲ್ಲ ಅಂದಿಲ್ಲ. ಆದರೆ ಮೊದಲು ಅವಳು ತನ್ನ ಕೈಯಿಂದ ಒಂದು ಸಾಲು ಬರೆದುಕೊಡಬೇಕಂತೆ. ‘ನನ್ನ ಅನ್ನವೂ ಅಕ್ಷರವೂ ಮಾಲೀಕರು ಹಾಕಿದ ಭಿಕ್ಷೆ.’ ಅದಕ್ಕೆ ಚೌಕಟ್ಟು ಹಾಕಿಸಿ ಗಿರಣಿಯ ಬಾಗಿಲಲ್ಲಿ ತೂಗುಹಾಕುತ್ತಾನಂತೆ. ಬರೆದರೆ ನಾಳೆಯೇ ಸಹಿ. ಬರೆಯದಿದ್ದರೆ ಈ ವರ್ಷದ ಪರೀಕ್ಷೆ ಕೈಬಿಟ್ಟು ಹೋಯಿತು.

“ಬರಿ ಅಕ್ಕಾ,” ಅಂದ ಹಿಂದಿನ ಬೆಂಚಿನ ಇಮಾಮಸಾಬ. ಅವನು ಹಗಲು ಪಂಕ್ಚರ್ ಅಂಗಡಿಯಲ್ಲಿ ಇರುವವನು. “ನಾನಾಗಿದ್ದರೆ ‘ಮಾಲೀಕರೇ ನನ್ನ ತಂದೆ’ ಅಂತ ಬರೆದುಕೊಡುತ್ತಿದ್ದೆ. ಆಮೇಲೆ ಆಸ್ತಿಯಲ್ಲಿ ಪಾಲು ಕೇಳುತ್ತಿದ್ದೆ.”

ತರಗತಿ ನಕ್ಕಿತು. ಹುಲಿಗೆಮ್ಮ ನಗಲಿಲ್ಲ.

ಮಾಸ್ತರರು ಸೀಮೆಸುಣ್ಣ ಕೆಳಗಿಟ್ಟರು. “ಒಂದು ಕತೆ ಹೇಳುತ್ತೇನೆ, ತಂಗಿ. ಕೇಳಿದ ಮೇಲೆ ಬರಿ, ಇಲ್ಲವೇ ಬಿಡು. ಕೈ ನಿನ್ನದು.”

ಒಂದು ಊರಿನಲ್ಲಿ ಶೇಂಗಾದ ಮಂಡಿ ಇತ್ತು. ಅಲ್ಲಿ ಗುಮಾಸ್ತನಾಗಬೇಕಾದರೆ ವರ್ತಕರ ಸಂಘ ಕೊಡುವ ಸನ್ನದು, ಅಂದರೆ ಪರವಾನಗಿ ಪತ್ರ, ಬೇಕಿತ್ತು. ಸನ್ನದು ಬೇಕಾದರೆ ಪರೀಕ್ಷೆ. ಹಿರಿಯ ವರ್ತಕರು ಗಾದಿಯ ಮೇಲೆ ಕೂತು ಒಂದು ವ್ಯವಹಾರ ಹೇಳುತ್ತಿದ್ದರು. ಬಂದವನು ಅದನ್ನು ಸಂಘದ ದೊಡ್ಡ ಪುಸ್ತಕದಲ್ಲಿ ಬರೆಯಬೇಕು. ಕೊಟ್ಟವನ ಹೆಸರಿಗೆ ಜಮಾ, ತೆಗೆದುಕೊಂಡವನ ಹೆಸರಿಗೆ ಖರ್ಚು. ನಾನು ನಿಮಗೆ ಕಲಿಸಿದ ನಿಯಮವೇ ಅವರದೂ.

ಇನ್ನೊಂದು ನಿಯಮವಿತ್ತು. ಲೆಕ್ಕದ ಪುಸ್ತಕದಲ್ಲಿ ಅಳಿಸುವಂತಿಲ್ಲ, ಹಾಳೆ ಹರಿಯುವಂತಿಲ್ಲ. ಬರೆದದ್ದು ತಪ್ಪಾದರೆ ಅದರ ಮೇಲೆ ಗೀಟು ಎಳೆದು ಪಕ್ಕದಲ್ಲಿ ರುಜು ಹಾಕಬೇಕು. ಅದನ್ನು ಬರೆದವನೇ ಮಾಡಬೇಕು. ಬೇರೆಯವರ ಕೈ ತಾಗಿದರೆ ಇಡೀ ಪುಸ್ತಕವೇ ಖೋಟಾ.

ಗುಮಾಸ್ತರ ಮಕ್ಕಳು ಪರೀಕ್ಷೆಗೆ ಬಂದರೆ ಬೆಲ್ಲದ ಪ್ರಶ್ನೆ. ಇಂಥವನು ಇಂಥವನಿಗೆ ಇಷ್ಟು ಬೆಲ್ಲ ಮಾರಿದ, ಬರಿ. ಆಳುಮಕ್ಕಳು ಬಂದರೆ ಬೆಲ್ಲವಿಲ್ಲ. ಅವರಿಗೆ ಧೋತರದ ಪ್ರಶ್ನೆ. ‘ಹಬ್ಬಕ್ಕೆ ಧಣಿ ಆಳಿಗೆ ಧೋತರ ಕೊಟ್ಟ. ಬರಿ.’ ಧಣಿಗೆ ಜಮಾ, ಆಳಿಗೆ ಖರ್ಚು. ಧಣಿ ಕೊಡುವವನು, ತಾನು ಕೈಯೊಡ್ಡುವವನು ಎಂದು ಆಳು ತನ್ನ ಅಕ್ಷರದಲ್ಲಿಯೇ ಒಪ್ಪಿಕೊಳ್ಳಬೇಕು. ಒಪ್ಪಿಕೊಂಡದ್ದನ್ನು ನೋಡಿ ಹಿರಿಯರು ಮೀಸೆಯಲ್ಲಿ ನಗಬೇಕು. ಆಮೇಲೆ ಸನ್ನದು. ಅದಕ್ಕೆ ಅವರು ಪರೀಕ್ಷೆ ಎಂದು ಹೆಸರಿಟ್ಟಿದ್ದರು. ನಾನು ಮೂಗುದಾರ ಅನ್ನುತ್ತೇನೆ.

ಆ ಮಂಡಿಯಲ್ಲಿ ಒಬ್ಬ ಹಮಾಲ ಇದ್ದ. ಮೂಟೆ ಹೊತ್ತು ಹೊತ್ತು ಅವನ ಬಲಹೆಗಲಿನಲ್ಲಿ ಗಂಟು ಎದ್ದಿತ್ತು. ‘ಮೂಟೆ ಬಿಡು, ಇಲ್ಲವೇ ಕೈಯ ಆಸೆ ಬಿಡು’ ಎಂದು ವೈದ್ಯ ಹೇಳಿದ್ದ. ಹಮಾಲ ಸಂಜೆ ಶಾಲೆಗೆ ಸೇರಿದ. ಅವನ ಬೆರಳು ಮೂಟೆಯ ಕೊಕ್ಕೆಗೆ ಒಗ್ಗಿತ್ತು, ಪೆನ್ನಿಗೆ ಒಗ್ಗಿರಲಿಲ್ಲ. ಬರೆದರೆ ಅಕ್ಷರ ನಡುಗುತ್ತಿತ್ತು. ಆದರೂ ಬಿಡಲಿಲ್ಲ.

ಅವನು ದುಡಿಯುತ್ತಿದ್ದ ಅಂಗಡಿಯ ವರ್ತಕ ಹಂಗಿಸಿದ. “ಏನೋ, ಶೇಂಗಾ ಹೊರುವವನು ಇನ್ನು ಲೆಕ್ಕವನ್ನೂ ಹೊರುತ್ತೀಯಾ?”

“ಅದು ಸ್ವಲ್ಪ ಹಗುರ ಅಂತಾರೆ ಧಣಿ. ನೋಡೋಣ.”

ಪರೀಕ್ಷೆಯ ದಿನ ಬಂತು. ಹಮಾಲ ಗಾದಿಯ ಕೆಳಗೆ ನೆಲದ ಮೇಲೆ ಕೂತ. ಹಿರಿಯ ವರ್ತಕ ಧೋತರದ ಪ್ರಶ್ನೆ ಹೇಳಿದ. ಹಮಾಲ ಬರೆಯತೊಡಗಿದ. ಬರೆದು ಪುಸ್ತಕ ತಿರುಗಿಸಿ ಅವರ ಮುಂದೆ ಇಟ್ಟ.

ಪುಟದಲ್ಲಿ ಎರಡು ಸಾಲುಗಳಿದ್ದವು. ಕೆಳಗಿನ ಸಾಲಿನಲ್ಲಿ ಧೋತರ ಸರಿಯಾಗಿಯೇ ಇತ್ತು. ಧಣಿಗೆ ಜಮಾ, ಆಳಿಗೆ ಖರ್ಚು. ಅದರ ಮೇಲೆ ಇನ್ನೊಂದು ಸಾಲು. ‘ಆಳು ಧಣಿಗೆ ವರ್ಷವೆಲ್ಲ ಹೆಗಲು ಕೊಟ್ಟ. ಆಳಿಗೆ ಜಮಾ, ಧಣಿಗೆ ಖರ್ಚು.’

ಅವನಿಗೆ ಯಾರನ್ನೂ ಅವಮಾನಿಸುವ ಮನಸ್ಸಿರಲಿಲ್ಲ. ಲೆಕ್ಕವನ್ನು ಮೊದಲಿನಿಂದ ಬರೆಯಬೇಕು ಎಂದು ಶಾಲೆಯಲ್ಲಿ ಹೇಳಿದ್ದರು. ಗಾದಿಯ ಮೇಲೆ ಕೂತವರಿಗೆ ಆ ಲೆಕ್ಕ ಧೋತರದಿಂದ ಶುರುವಾಗುತ್ತದೆ. ಅವನಿಗೆ ಮೂಟೆಯಿಂದ ಶುರುವಾಗಿತ್ತು. ಮೂಟೆ ಹೊತ್ತವನು ಮಾತ್ರ ಮಾಡಬಹುದಾದ ತಪ್ಪು ಅದು.

ಗಾದಿಯ ಮೇಲೆ ಕೂತಿದ್ದ ಅವನ ಅಂಗಡಿಯ ವರ್ತಕ ಕೆಂಪಾದ. “ಇದನ್ನು ಬರಿ ಅಂತ ನಿನ್ನನ್ನು ಯಾರು ಕೇಳಿದರೋ?”

“ಯಾರೂ ಕೇಳಲಿಲ್ಲ ಧಣಿ. ಅದಕ್ಕೇ ಬರೆದೆ.”

ವರ್ತಕ ಪೆನ್ನು ಕಿತ್ತುಕೊಂಡು ಆ ಸಾಲಿನ ಮೇಲೆ ತಾನೇ ಗೀಟು ಎಳೆಯಲು ಹೋದ. ಹಿರಿಯ ಅವನ ಕೈ ಹಿಡಿದ. “ಇವತ್ತು ಇವನ ಸಾಲಿನ ಮೇಲೆ ಎಳೆಯುತ್ತೀ. ನಾಳೆ ನನಗೆ ಬರಬೇಕಾದ ಬಾಕಿಯ ಮೇಲೂ ಎಳೆಯುತ್ತೀ. ಕೈ ತೆಗಿ.” ವರ್ತಕರು ಆಳನ್ನು ನಂಬುವುದಿಲ್ಲ. ಒಬ್ಬರನ್ನೊಬ್ಬರು ಅದಕ್ಕಿಂತ ಕಡಿಮೆ ನಂಬುತ್ತಾರೆ.

ಹಿರಿಯ ಹಮಾಲನ ಕಡೆ ತಿರುಗಿದ. ದನಿ ಮೆತ್ತಗೆ ಮಾಡಿಕೊಂಡ. “ನೋಡಪ್ಪಾ, ನೀನು ಬುದ್ಧಿವಂತ. ಒಂದು ಗೀಟು ಎಳಿ, ರುಜು ಹಾಕು. ಇವತ್ತೇ ಸನ್ನದು ಕೊಡಿಸುತ್ತೇನೆ. ನಾಳೆಯಿಂದ ನಿನ್ನ ಹೆಗಲಿಗೆ ಮೂಟೆ ಇಲ್ಲ.”

ಹಮಾಲ ತನ್ನ ಸಾಲನ್ನು ಇನ್ನೊಮ್ಮೆ ಓದಿದ. “ತಪ್ಪು ಬರೆದಿದ್ದರೆ ಗೀಟು ಎಳೆಯಬೇಕು ಅಂತ ನೀವೇ ಹೇಳುತ್ತೀರಿ. ಇದರಲ್ಲಿ ತಪ್ಪು ಯಾವುದು ತೋರಿಸಿ ಧಣಿ, ಎಳೆಯುತ್ತೇನೆ.”

ಯಾರೂ ತೋರಿಸಲಿಲ್ಲ. “ತಪ್ಪಲ್ಲ, ಅಧಿಕಪ್ರಸಂಗ,” ಅಂದ ವರ್ತಕ.

“ಅಧಿಕಪ್ರಸಂಗ ಜಮಾಕ್ಕೆ ಬರುತ್ತದೋ ಖರ್ಚಿಗೋ, ಧಣಿ?”

ಅವನನ್ನು ಹೊರಗೆ ದಬ್ಬಿದರು. ಮರುದಿನ ಅವನು ಅದೇ ಹೆಗಲಿನ ಮೇಲೆ ಅದೇ ಮೂಟೆ ಹೊತ್ತ.

ಹೆಂಡತಿ ಅವನನ್ನು ಬೈದಳು. ಅವಳು ಅದೇ ಮಂಡಿಯಲ್ಲಿ ಶೇಂಗಾ ಆರಿಸುವವಳು. “ಒಂದು ಗೀಟು ಎಳೆಯುವುದಕ್ಕೆ ನಿನಗೆ ಕೈ ಬರಲಿಲ್ಲವಾ? ಆ ನಿನ್ನ ಸಾಲನ್ನು ಏನು ಮಾಡಲಿ, ಒಲೆಗೆ ಹಚ್ಚಲಾ? ಹೆಗಲಿನ ಗಂಟಿಗೆ ಕಟ್ಟಲಾ?” ಹಮಾಲ ಹೆಗಲು ತಿಕ್ಕಿಕೊಂಡ. ಹೆಂಡತಿಯ ಮಾತಿನಲ್ಲಿ ಸುಳ್ಳು ಇರಲಿಲ್ಲ.

ಅವನು ಹಾಳು ಮಾಡಿದ್ದನ್ನು ತಾನು ಸರಿ ಮಾಡುತ್ತೇನೆ ಎಂದು ಅವಳೇ ಸಂಜೆ ಶಾಲೆಗೆ ಸೇರಿದಳು. ಗಂಡನಿಗಿಂತ ಬೇಗ ಕಲಿತಳು. ಮುಂದಿನ ಪರೀಕ್ಷೆಗೆ ಹೋಗುವ ಬೆಳಿಗ್ಗೆ ಗಂಡನಿಗೆ ಹೇಳಿದಳು. “ಧಣಿ ಕೊಟ್ಟ ಅಂತ ಬರೆಯುತ್ತೇನೆ. ದೇವರು ಕೊಟ್ಟ ಅಂತ ಬೇಕಾದರೂ ಬರೆಯುತ್ತೇನೆ. ಸಂಜೆ ಸನ್ನದು ತರುತ್ತೇನೆ. ನೀನು ಸುಮ್ಮನೆ ಮನೆಯಲ್ಲಿ ಬಿದ್ದುಕೋ.”

ಅವಳಿಗೆ ಸೀರೆಯ ಪ್ರಶ್ನೆ ಬಂತು. ‘ಹಬ್ಬಕ್ಕೆ ಧಣಿ ಆಳಿಗೆ ಸೀರೆ ಕೊಟ್ಟ. ಬರಿ.’ ಪುಸ್ತಕವನ್ನು ಅವಳ ಮುಂದೆ ತೆರೆದಿಟ್ಟರು. ಹೊಸ ಸಾಲು ಬರೆಯಬೇಕಾದ ಜಾಗಕ್ಕಿಂತ ಸ್ವಲ್ಪ ಮೇಲೆ ಗಂಡನ ಸಾಲು ಇತ್ತು. ನಡುಗುವ ಅಕ್ಷರ. ಅದರ ಮೇಲೆ ಗೀಟು ಇರಲಿಲ್ಲ.

ಶೇಂಗಾ ಆರಿಸಿ ಆರಿಸಿ ಅವಳ ಕಣ್ಣು ಮಂಜಾಗಿತ್ತು. ಓದಲು ಪುಸ್ತಕವನ್ನು ಮುಖದ ಹತ್ತಿರಕ್ಕೆ ಎಳೆದುಕೊಳ್ಳಬೇಕಾಯಿತು. ಎಳೆದುಕೊಂಡಾಗ ಗಾದಿಯ ಮೇಲಿನವರು ನಕ್ಕರು.

ಅವಳು ಸೀರೆಯನ್ನು ಆಮೇಲೆ ಬರೆದಳು. ಮೊದಲು ಬರೆದದ್ದು ಇದನ್ನು. ‘ಆಳು ಧಣಿಗೆ ಕಣ್ಣು ಕೊಟ್ಟಳು. ಆಳಿಗೆ ಜಮಾ.’

ಅವಳಿಗೂ ಸನ್ನದು ಇಲ್ಲ ಅಂದರು. ಗಂಡ ಹೆಂಡತಿ ಇಬ್ಬರೂ ಇನ್ನು ಪರೀಕ್ಷೆಗೆ ಕಾಲಿಡಬಾರದು ಎಂದು ಸಂಘ ತೀರ್ಮಾನ ಮಾಡಿತು. ಆ ರಾತ್ರಿ ಮನೆಯಲ್ಲಿ ಯಾರು ಯಾರನ್ನು ಬೈದರು ಎಂದು ನನಗೆ ಗೊತ್ತಿಲ್ಲ. ಬೈದಿರಲಾರರು.

ಆದರೆ ಪುಸ್ತಕ ಅಲ್ಲಿಯೇ ಇತ್ತಲ್ಲ. ಆಮೇಲೆ ಗಾಡಿ ಹೊಡೆಯುವವನು ಬಂದ. ಅವನು ಎರಡೂ ಸಾಲು ಓದಿದ. ‘ಆಳು ಧಣಿಗೆ ಬೆನ್ನು ಕೊಟ್ಟ’ ಎಂದು ಮೇಲೆ ಬರೆದು ಆಮೇಲೆ ಧೋತರಕ್ಕೆ ಬಂದ. ಅವನನ್ನೂ ಹೊರಗೆ ಹಾಕಿದರು. ತೂಕ ಮಾಡುವವನು ಬಂದ, ಚೀಲ ಹೊಲಿಯುವವಳು ಬಂದಳು. ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಪುಟ ತೆರೆದವರಿಗೆ ಕಾಣುತ್ತಿತ್ತು, ಅಷ್ಟೆ. ಧೋತರದ ಪ್ರಶ್ನೆ ಕೇಳಿದ ಹಾಗೆಲ್ಲ ವರ್ತಕರದೇ ಪುಸ್ತಕದಲ್ಲಿ ವರ್ತಕರದೇ ಹೆಸರಿಗೆ ಇನ್ನೊಂದು ಖರ್ಚು ಬೀಳುತ್ತಿತ್ತು. ಅಳಿಸುವಂತಿಲ್ಲ, ಹರಿಯುವಂತಿಲ್ಲ. ಬೇರೆ ಊರಿನಿಂದ ಬಂದ ವರ್ತಕರು ಪುಸ್ತಕ ತಿರುವಿ ನೋಡಿ ಮೀಸೆಯಲ್ಲಿ ನಗತೊಡಗಿದರು.

ಆ ಹೊತ್ತಿಗೆ ಗುಮಾಸ್ತರ ಮಕ್ಕಳು ಬೇರೆ ಊರುಗಳಲ್ಲಿ ಬೇರೆ ಕೆಲಸ ಹಿಡಿದಿದ್ದರು. ಸುಗ್ಗಿ ಬಂತು. ಶೇಂಗಾ ರಾಶಿ ಬಿತ್ತು. ಬರೆಯುವವರು ಇಲ್ಲ. ಆಳುಮಕ್ಕಳನ್ನು ಬಿಟ್ಟರೆ ಪರೀಕ್ಷೆಗೆ ಬರುವವರೇ ಇಲ್ಲ.

ಹಿರಿಯ ವರ್ತಕ ಸಂಘದ ಸಭೆ ಸೇರಿಸಿದ. “ಇವರು ಆ ಸಾಲು ಬರೆಯುವುದನ್ನು ಬಿಡುವುದಿಲ್ಲ. ನಾವು ಆ ಪ್ರಶ್ನೆ ಕೇಳುವುದನ್ನು ಬಿಡೋಣ,” ಅಂದ. ಅವನಿಗೆ ದಯೆ ಬಂತು ಅಂದುಕೊಳ್ಳಬೇಡಿ. ಅವನಿಗೆ ಬೇರೆ ದಾರಿ ಇರಲಿಲ್ಲ.

ಮುಂದಿನ ಪರೀಕ್ಷೆಗೆ ಕಸ ಗುಡಿಸುವವಳೊಬ್ಬಳು ಬಂದಳು. ಎದೆ ಗಟ್ಟಿ ಮಾಡಿಕೊಂಡು ಬಂದಿದ್ದಳು. ಹಿರಿಯ ಅವಳ ಮುಖ ನೋಡದೆ ಕೇಳಿದ. “ಒಬ್ಬ ವರ್ತಕ ಇನ್ನೊಬ್ಬ ವರ್ತಕನಿಗೆ ಬೆಲ್ಲ ಮಾರಿದ. ಬರಿ.” ಅವಳು ಬರೆದಳು. ಸಂಜೆ ಸನ್ನದು ತೆಗೆದುಕೊಂಡು ಮನೆಗೆ ಹೋದಳು. ಅವಳನ್ನು ನೋಡಿ ಯಾರೂ ನಗಲಿಲ್ಲ.

ಮಾಸ್ತರರು ಅಲ್ಲಿಗೆ ನಿಲ್ಲಿಸಿದರು.

“ಆ ಹಮಾಲನಿಗೆ ಆಮೇಲೆ ಸನ್ನದು ಕೊಟ್ಟರೇನು?” ಕೇಳಿದ ಇಮಾಮಸಾಬ. ಈಗ ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

“ಇಲ್ಲ. ಅವನಿಗೂ ಕೊಡಲಿಲ್ಲ, ಅವನ ಹೆಂಡತಿಗೂ ಕೊಡಲಿಲ್ಲ. ಮೂಟೆ ಹೊತ್ತು ಹೊತ್ತು ಅವನ ಬಲಗೈ ಸ್ವಾಧೀನ ತಪ್ಪಿತು. ಕೊಟ್ಟರು ಎಂದು ಹೇಳಿ ನಿಮ್ಮನ್ನು ಸಮಾಧಾನ ಮಾಡಬಹುದಿತ್ತು. ಮಾಡುವುದಿಲ್ಲ.”

ಹುಲಿಗೆಮ್ಮ ಎದ್ದು ನಿಂತಳು. ಕೆಮ್ಮು ಬಂತು. ಸೆರಗು ಬಾಯಿಗೆ ಒತ್ತಿಕೊಂಡು ಅದು ನಿಲ್ಲುವವರೆಗೆ ಕಾದಳು. ಆಮೇಲೆ ಸಿಟ್ಟಿನಿಂದಲೇ ಕೇಳಿದಳು.

“ಸನ್ನದು ಹೋಯಿತು. ಕೈ ಹೋಯಿತು. ಹಾಗಾದರೆ ಅವನು ಪಡೆದದ್ದಾದರೂ ಏನು, ಮಾಸ್ತರೇ?”

“ನನ್ನನ್ನು ಕೇಳಬೇಡ ತಂಗಿ, ಬರುವ ವರ್ಷ ನಿನ್ನ ಗಿರಣಿಯ ಬಾಗಿಲಲ್ಲಿ ಇದೇ ಸಹಿಗಾಗಿ ಇನ್ನೊಬ್ಬಳು ಬಂದು ನಿಲ್ಲುತ್ತಾಳಲ್ಲ, ಅವಳನ್ನು ಕೇಳು.”