ಮೊನೆಯಿಲ್ಲದ ಬಾಣಗಳು

“ನಂದವಳ್ಳಿಯ ಪ್ರಜೆಗಳೆಲ್ಲ ಕಿವಿಗೊಟ್ಟು ಕೇಳಿ! ರಾಣಿ ಹೊನ್ನಾಂಬೆಯವರಿಗೆ ಮದ್ದು ಕೊಡಬಯಸುವವರು ಮೊದಲು ಮೂರು ಒಗಟು ಬಿಡಿಸಬೇಕು. ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರ ತಲೆ ಹೋಗುತ್ತದೆ. ಇದು ರಾಜಕುಮಾರಿ ಪದುಮಾಂಬೆಯವರ ಅಪ್ಪಣೆ!”

ಡಂಗುರದವನು ಪೇಟೆಯಲ್ಲಿ ಹೀಗೆ ಸಾರಿದಾಗ ಕುರಿ ಕಾಯುವ ಮೈಲಾರಿ ಉಣ್ಣೆಯ ಮೂಟೆ ಇಳಿಸುತ್ತಿದ್ದ. ರಾಣಿಗೆ ಏನಾಗಿದೆಯೆಂದು ಪಕ್ಕದ ಅಂಗಡಿಯವನನ್ನು ಕೇಳಿದ.

“ಬೆನ್ನುಮೂಳೆ ನೋವಂತೆ ಕಣಪ್ಪ. ಹೂವಿನ ತಟ್ಟೆ ಎತ್ತೋಕೆ ಹೋಗಿ ತೋಳೇ ಮುರೀತಂತೆ. ಮುಖ ಸುಣ್ಣದ ಹಾಗೆ ಬೆಳ್ಳಗಾಗಿದೆಯಂತೆ. ಕೆಟ್ಟ ರಕ್ತ ಅಂತ ಹೊಸ ವೈದ್ಯರು ಎರಡು ಸಲ ರಕ್ತ ಇಳಿಸಿದ್ರು. ಅವತ್ತು ಮಲಗಿದವರು ಇನ್ನೂ ಎದ್ದಿಲ್ಲ.”

ಮೈಲಾರಿಯ ಅಕ್ಕ ಕೆಂಚವ್ವನೂ ಹೀಗೇ ಬಿಳಿಚಿಕೊಂಡು, ಹೀಗೇ ಮೂಳೆ ಮುರಿದುಕೊಂಡು, ಅವನ ಕಣ್ಣೆದುರೇ ಕರಗಿ ಹೋಗಿದ್ದಳು. ಮೂರು ವರ್ಷ ಅವಳ ಆರೈಕೆ ಮಾಡಿದವನು ಅವನೊಬ್ಬನೇ. ಮೂಟೆಯನ್ನು ಅಂಗಡಿಯವನಿಗೆ ಒಪ್ಪಿಸಿ ಅರಮನೆಯ ದಾರಿ ಹಿಡಿದ.

ಒಗಟುಗಳನ್ನು ಕಟ್ಟಿದವರು ಅರಮನೆಯ ಹಳೆಯ ವೈದ್ಯರು. ಸಾಯುವ ಮುನ್ನ ಒಂದು ಬೇರನ್ನೂ ಅದರ ಅಳತೆಯ ಜೊತೆಗೆ ಒಗಟುಗಳ ಉತ್ತರ ಬರೆದ ಓಲೆಯನ್ನೂ ಪೆಟ್ಟಿಗೆಯಲ್ಲಿಟ್ಟು ಮುದ್ರೆ ಹಾಕಿ ಮಂತ್ರಿ ಸೋಮರಸರ ಕೈಗೆ ಕೊಟ್ಟಿದ್ದರು. “ಇದು ವಿಷ. ಈ ರೋಗವನ್ನು ಬಲ್ಲವನ ಕೈಯಲ್ಲಿ ಮಾತ್ರ ಮದ್ದು” ಎಂದು, ಮೊದಲೆರಡು ಒಗಟಿನ ಉತ್ತರವನ್ನಷ್ಟೇ ಅವರ ಕಿವಿಯಲ್ಲಿ ಹೇಳಿದ್ದರು. ತಲೆ ಹೋಗುತ್ತದೆಂಬ ಮಾತನ್ನು ಸೇರಿಸಿದವಳು ಪದುಮಾಂಬೆ. ತಾಯಿಯ ರಕ್ತ ಬಟ್ಟಲಿಗೆ ಇಳಿಯುವುದನ್ನು ಎರಡು ಸಲ ನೋಡಿದ್ದಳು; ಇನ್ನೊಬ್ಬ ಅರೆಬರೆ ಪಂಡಿತ ಆ ಮಂಚದ ಹತ್ತಿರ ಸುಳಿಯಬಾರದೆಂಬುದು ಅವಳ ಹಟ.

ಸಭೆಯಲ್ಲಿ ಮೈಲಾರಿಗಿಂತ ಮುಂಚೆ ಇಬ್ಬರು ಬಂದಿದ್ದರು. ಮೊದಲನೆಯವನು ನೆರೆನಾಡಿನ ಅರಸುಮಗ. ಪದುಮಾಂಬೆಯ ಕೈ ಹಿಡಿಯುವ ಆಸೆ ಅವನದು. ಅವಳು ಒಗಟು ಹೇಳಿದಳು: “ಬಾಗಿಲಿಲ್ಲದ ಮನೆ. ಗೋಡೆ ಗಟ್ಟಿ, ಒಳಗೆಲ್ಲ ಕೆಂಪು. ಅಲ್ಲಿ ಎಣಿಸಲಾಗದಷ್ಟು ಮಕ್ಕಳು ದಿನವೂ ಹುಟ್ಟಿ ಊರೆಲ್ಲ ತಿರುಗುತ್ತಾರೆ. ಯಾವ ಮನೆ ಅದು?”

“ದಾಳಿಂಬೆ” ಎಂದು ಅವನು ನಕ್ಕ.

“ದಾಳಿಂಬೆಯ ಮಕ್ಕಳು ಊರು ತಿರುಗುತ್ತಾರೆಯೆ?” ಎಂದಳು. ಸೆರೆಮನೆಗೆ ಒಯ್ಯಲು ಭಟರು ಅವನ ತೋಳು ಹಿಡಿದರು. ಅವನ ನಗು ಇನ್ನೂ ತುಟಿಯ ಮೇಲೇ ಇತ್ತು.

ಎರಡನೆಯವನು ಪಲ್ಲಕ್ಕಿಯಲ್ಲಿ ಬಂದ ಮಹಾಪಂಡಿತ. “ಮೂಳೆ. ಅದರೊಳಗಿನ ಮಜ್ಜೆಯಲ್ಲಿ ರಕ್ತ ಹುಟ್ಟುತ್ತದೆ” ಎಂದು ಸರಿಯಾಗಿಯೇ ಹೇಳಿದ. ಸಭೆ ತಲೆದೂಗಿತು. ಪದುಮಾಂಬೆ ಮುಂದಿನದನ್ನು ಕೇಳಿದಳು: “ಕೋಟೆಯೊಳಗೆ ಬಾಣ ಮಾಡುವ ಕಮ್ಮಾರರಿದ್ದಾರೆ. ಒಬ್ಬೊಬ್ಬ ಶತ್ರುವಿಗೆ ಒಂದೊಂದು ಬಗೆಯ ಬಾಣ. ಅವರಲ್ಲೊಬ್ಬನಿಗೆ ತಲೆ ಕೆಟ್ಟಿತು. ತನ್ನಂಥವರನ್ನೇ ಹೆಚ್ಚಿಸುತ್ತಾ, ಮೊನೆಯಿಲ್ಲದ ಒಂದೇ ಬಗೆಯ ಬಾಣವನ್ನು ರಾಶಿ ಹಾಕಿದ. ಉಗ್ರಾಣ ತುಂಬಿತು, ಚರಂಡಿ ಕಟ್ಟಿತು, ಗೋಡೆ ತೂತು ಬಿತ್ತು. ಯಾರು ಅವನು?”

“ಪಿತ್ತ... ಕೆರಳಿದ ಪಿತ್ತ” ಎಂದ ಪಂಡಿತ. ಮಂತ್ರಿ ಅಲ್ಲವೆಂದು ತಲೆಯಾಡಿಸಿದರು. ಅವನನ್ನೂ ಸೆರೆಮನೆಗೆ ಎಳೆದೊಯ್ಯುವಾಗ ರುಮಾಲು ಬಿಚ್ಚಿ ನೆಲದುದ್ದಕ್ಕೂ ಹರಡಿಕೊಂಡಿತು.

ಮೈಲಾರಿಗೆ ಓಡಿಹೋಗಲು ಬಾಗಿಲು ತೆರೆದೇ ಇತ್ತು. ಆದರೆ ಒಳಮನೆಯಿಂದ ರಾಣಿಯ ನರಳಿಕೆ ಕೇಳಿಸಿತು. ಅಕ್ಕನದೂ ಅಂಥದೇ ದನಿ. ಅವನು ಎದ್ದು ಮುಂದೆ ಹೋದ.

“ನೀನು ಯಾರು?”

“ಕುರಿ ಕಾಯೋನು, ದೊರೆಸಾನಿ. ಮೊದಲನೆಯದು ಆ ಪಂಡಿತರು ಹೇಳಿದ್ದೇ, ಮೂಳೆಯೊಳಗಿನ ಮಜ್ಜೆ. ಕುರಿ ಕೊಯ್ದಾಗ ಕಂಡಿದ್ದೀನಿ.”

“ಎರಡನೆಯದು?”

ಅವನು ನಿಧಾನವಾಗಿ ಮಾತು ಕೂಡಿಸಿದ. “ಒಂದು ಸಲ ಸಿಡುಬು ಬಂದು ಉಳಿದ ಕುರಿಗೆ ಮತ್ತೆ ಸಿಡುಬು ಬರೋದಿಲ್ಲ. ಅಂದಮೇಲೆ ರಕ್ತದಲ್ಲಿ ಕಾವಲಿದೆ, ಆ ಕಾವಲಿಗೆ ಬಾಣ ಮಾಡೋರೂ ಇರಬೇಕು. ನಮ್ಮಕ್ಕನಿಗೆ ತಿಂಗಳಿಗೊಂದು ಜ್ವರ, ಊರಿಗೆ ಬಂದ ಕೆಮ್ಮೆಲ್ಲ ಮೊದಲು ಅವಳಿಗೇ. ಮೂತ್ರದಲ್ಲಿ ಆಗತಾನೆ ಕರೆದ ಹಾಲಿನಂಥ ನೊರೆ. ಕಾಲು ಮುರಿದಾಗ ಮೂಳೆ ಹೊರಗೆ ಬಂದಿತ್ತು, ಹುಳ ತಿಂದ ಮರದ ಹಾಗಿತ್ತು. ಹೊರಗಿನ ಶತ್ರು ಯಾರೂ ಇರಲಿಲ್ಲ. ಮಜ್ಜೆಯಲ್ಲೇ ಹುಟ್ಟಿದ ಕಾವಲಿನ ಕಣ ದಾರಿ ತಪ್ಪಿತ್ತು, ದೊರೆಸಾನಿ. ಆ ಕಮ್ಮಾರ ಅದೇ.”

ಮಂತ್ರಿ ಸರಿಯೆಂದು ತಲೆದೂಗಿದರು. ಪದುಮಾಂಬೆ ಸಿಂಹಾಸನದ ಅಂಚಿಗೆ ಸರಿದು ಕೂತಳು. ಮೂರನೆಯದನ್ನು ಕೇಳುವಾಗ ಅವಳ ದನಿ ಸಣ್ಣಗಾಗಿತ್ತು.

“ಹೊಲದಲ್ಲಿ ಒಂದು ಕಳೆ. ಕಿತ್ತರೆ ಹೋಗುತ್ತದೆ, ಕಾಲ ಕಳೆದು ಮತ್ತೆ ಬರುತ್ತದೆ. ಬೆಂಕಿ ಹಚ್ಚಿದರೆ ಬೆಳೆಯೂ ಸುಡುತ್ತದೆ. ಒಡತಿ ಏನು ಮಾಡಬೇಕು?”

ಉತ್ತರ ಮೈಲಾರಿಗೆ ತಕ್ಷಣ ಹೊಳೆಯಿತು. ಹೇಳಲು ಮಾತ್ರ ಬಾಯಿ ಬರಲಿಲ್ಲ. ಎದುರಿಗಿದ್ದವಳು ತಾಯಿ ಪೂರ್ತಿ ಗುಣವಾಗುತ್ತಾಳೆಂಬ ಒಂದು ಮಾತಿಗೆ ಕಾಯುತ್ತಿದ್ದಳು. ಬೇರುಸಹಿತ ಹೋಗುತ್ತದೆ ಎಂದುಬಿಟ್ಟರೆ ಅವಳ ಮುಖ ಅರಳಬಹುದು. ಇಲ್ಲವೆಂದರೆ ಆ ಸಿಟ್ಟಿಗೇ ಕತ್ತಿ ಬೀಳಬಹುದು. ಅಕ್ಕನಿಗೂ ಅವನು “ಗುಣವಾಗುತ್ತೆ” ಎಂದೇ ಹೇಳುತ್ತಿದ್ದ. ಅವಳು ನಂಬದೆ ಗೋಡೆಯತ್ತ ಮುಖ ತಿರುಗಿಸುತ್ತಿದ್ದಳು.

“ಪೂರ್ತಿ ಹೋಗಲ್ಲ, ದೊರೆಸಾನಿ” ಎಂದ. “ಬಂದಾಗಲೆಲ್ಲ ಕೀಳಬೇಕು. ಬೆಳೆ ತಡೆಯುವಷ್ಟೇ ಮದ್ದು, ಅದಕ್ಕಿಂತ ಒಂದು ಗುಲಗಂಜಿ ಹೆಚ್ಚಿಲ್ಲ. ನಡುನಡುವೆ ನೆಲಕ್ಕೆ ಬಿಡುವು. ಹೀಗೆ ಮಾಡಿದರೆ ಒಡತಿ ಎಷ್ಟೋ ಸುಗ್ಗಿ ಕಾಣಬಹುದು. ಇಷ್ಟೇ ನಾನು ಹೇಳಬಲ್ಲೆ.”

ಸೋಮರಸರು ಮುದ್ರೆ ಒಡೆದು ಓಲೆ ಬಿಚ್ಚಿ ಓದಿದರು: “ಮನೆ, ಮಜ್ಜೆ. ಕಮ್ಮಾರ, ಮಜ್ಜೆಯಲ್ಲಿ ಕೆಟ್ಟ ಕಾವಲುಕಣ. ಕಳೆ, ಈ ರೋಗ. ಗುಣಪಡಿಸುತ್ತೇನೆಂದು ಆಣೆಯಿಡುವವನಿಗೆ ಬೇರು ಕೊಡಬೇಡಿ. ಅವನು ಅಳತೆ ಮೀರುತ್ತಾನೆ. ಹಿಡಿದಿಡುತ್ತೇನೆ ಎನ್ನುವವನಿಗೆ ಕೊಡಿ.”

ಪದುಮಾಂಬೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ಏನು ಬೇಕು, ಕೇಳು” ಎಂದಳು.

“ಆ ಇಬ್ಬರ ತಲೆ ಉಳಿಸಿ. ಗೊತ್ತಿಲ್ಲದ್ದಕ್ಕೆ ಕೊಲ್ಲೋದಾದರೆ ನಮ್ಮಕ್ಕ ಸತ್ತಾಗ ನನ್ನನ್ನೂ ಕೊಲ್ಲಬೇಕಿತ್ತು.”

ಅವಳು ಇಬ್ಬರನ್ನೂ ಬಿಡಿಸಿದಳು. ಹಳೆಯ ವೈದ್ಯರ ಪೀಠದಲ್ಲಿ ಕುರಿಗಾಹಿಯನ್ನು ಕೂರಿಸಿದಳು. ಮೈಲಾರಿ ರಕ್ತದ ಬಟ್ಟಲನ್ನು ಆಚೆಗೆ ಕಳಿಸಿ, ರಾಣಿಗೆ ಹೊತ್ತುಹೊತ್ತಿಗೆ ನೀರು ಕುಡಿಸಿ, ಜ್ವರ ಬಂದವರು ಕೋಣೆಗೆ ಕಾಲಿಡದಂತೆ ನೋಡಿಕೊಂಡು, ತಕ್ಕಡಿಯಲ್ಲಿ ತೂಗಿ ತೂಗಿ ಬೇರು ತೇದು ಕೊಟ್ಟ. ಕಳೆ ಮೂರು ಸಲ ಮರಳಿತು, ಮೂರು ಸಲವೂ ಕಿತ್ತ. ರಾಣಿ ಹೊನ್ನಾಂಬೆ ಒಂಬತ್ತು ವರ್ಷ ಬದುಕಿದಳು. ಮೊಮ್ಮಗಳ ನಾಮಕರಣದ ದಿನ, “ಎತ್ತಬೇಡಿ ತಾಯಿ, ಮೂಳೆ ಜೋಪಾನ” ಎಂದು ಮೈಲಾರಿ ಅನ್ನುತ್ತಿದ್ದಂತೆಯೇ ಕೂಸನ್ನು ಎತ್ತಿ ಎದೆಗೊತ್ತಿಕೊಂಡು, “ನಿನ್ನ ಮಾತು ನಾಳೆಯಿಂದ ಕೇಳ್ತೀನಿ ಹೋಗಪ್ಪ” ಎಂದಳು.